ಏಳನೇ ಬೋರಿನ ಭಾನುವಾರ

ಕಂತು ಒಂಬತ್ತು

ಡೈರಿಯಲ್ಲಿ ಭಾನುವಾರದ ಪುಟ ಇನ್ನೂ ಖಾಲಿ ಇದೆ.

ದೊಡ್ಡ ಸಂಗತಿಯೇನಲ್ಲ. ಆದರೆ ಪಿಯುಸಿಗೆ ಸೇರಿದ ದಿನದಿಂದ ನಾನು ಒಂದು ಪುಟವನ್ನೂ ಖಾಲಿ ಬಿಟ್ಟವಳಲ್ಲ. ಟೈಫಾಯ್ಡ್ ಬಂದು ಮಲಗಿದ್ದಾಗಲೂ ‘ಜ್ವರ, ಗಂಜಿ’ ಎಂದು ಎರಡು ಪದ ಗೀಚಿದ್ದೇನೆ. ಈ ವಾರ ಸೋಮವಾರ ಬರೆದೆ, ಮಂಗಳವಾರ ಬರೆದೆ. ಭಾನುವಾರಕ್ಕೆ ಮಾತ್ರ ಪೆನ್ನು ಇಳಿಯುತ್ತಿಲ್ಲ. ಆ ದಿನ ಎಲ್ಲಿದ್ದೆ ಎಂದು ಇಲ್ಲಿ ಬರೆದರೆ, ಇನ್ನೊಂದು ಪುಸ್ತಕದಲ್ಲಿ ನಾನು ಹಾಕಿದ ಸಹಿ ಸುಳ್ಳಾಗುತ್ತದೆ.

ಆ ಇನ್ನೊಂದು ಪುಸ್ತಕ ಈಗ ಗೋಡೆಯ ಆಚೆ, ಸಬ್ ಇನ್ಸ್‌ಪೆಕ್ಟರ್ ವೈಜಯಂತಿಯವರ ಮುಂದೆ ಇತ್ತು. ನಾನು ಈಚೆ, ಸೈಟ್ ಆಫೀಸಿನ ಜಗಲಿಯ ಬೆಂಚಿನ ಮೇಲೆ ಕೂತಿದ್ದೆ. ಬುಧವಾರ, ಬೆಳಿಗ್ಗೆ ಹತ್ತೂವರೆ. ಹಾಳೆ ಮಗುಚುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು.

ವಾಚ್‌ಮನ್ ಬೀರು ಪಂಪಿನ ಗುಂಡಿಯಲ್ಲಿ ಹೆಣವಾಗಿ ಸಿಕ್ಕು ಎರಡು ದಿನ ಕಳೆದಿತ್ತು. ಪಂಪ್ ಆಪರೇಟರ್ ಶಿವಾನಂದನನ್ನು ನಿನ್ನೆ ಸಂಜೆ ಹಿಡಿದು ಒಯ್ದಿದ್ದರು. ಇವತ್ತು ಮೂರು ಗಂಟೆಗೆ ಅವನನ್ನು ಅಂಕೋಲೆಯ ಕೋರ್ಟಿನಲ್ಲಿ ನಿಲ್ಲಿಸುವವರಿದ್ದರು. ಕೊಲೆಯ ಆರೋಪ.

ಬೆಂಚಿನ ಪಕ್ಕ, ನೆಲದ ಮೇಲೆ, ಶಿವಾನಂದನ ತಾಯಿ ಹೊನ್ನಮ್ಮ ಕೂತಿದ್ದಳು. ಮೇಲೆ ಬನ್ನಿ ಎಂದು ನಾನು ಎರಡು ಸಲ ಹೇಳಿದ್ದೆ. ದನಿ ಹೊರಗೆ ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಅವಳ ಮಗ್ಗುಲಲ್ಲಿ ಒಂದು ತಾಮ್ರದ ಕೊಡ, ಬಾಯಿಗೆ ಬಾಳೆಲೆಯ ತುಂಡು. ಅವಳ ಬಾವಿಯ ನೀರು ತರಬೇಕೆಂದು ವೈಜಯಂತಿಯವರು ಹೇಳಿಕಳಿಸಿದ್ದರು.

“ಅಕ್ಕೋರೆ,” ಎಂದಳು. ಕೈಯಲ್ಲಿ ಪೆನ್ನಿರುವ ಹೆಂಗಸರೆಲ್ಲ ಅವಳಿಗೆ ಅಕ್ಕೋರೇ, ಶಾಲೆಯಲ್ಲಿ ಕಲಿಸಲಿ ಬಿಡಲಿ. “ಒಂದ ಮಾತ ಕೇಳ್ಲೆ?”

“ಕೇಳಿ ಅಮ್ಮಾ.”

“ಮನಸರಿಗೆ ಸರಾಯಿ ಬಂದ ಮಾಡ್ದ ವರ್ಷವೇ ನೆಲಕ್ಕೆ ಕುಡಿಸೂಕೆ ಬಂದ್ರಲ್ಲ, ಇದೆಂತಾ ಶಾಣೇತನ ಅಂತ ನಮ್ಮ ಶಿವಾನಂದ ದಿನಾ ನೆಗ್ಯಾಡ್ತಿದ್ದ. ಬೀರುನೂ ನೆಗ್ಯಾಡ್ತಿದ್ದ. ಒಂದೇ ಬುತ್ತಿಯಾಗೆ ಮೀನ ಪಳದಿ ಹಂಚ್ಕಂಡ ತಿಂದವ್ರು. ಅಂವ ಕೊಲ್ತಾನಾ?”

ಕೊಡದ ಬಾಳೆಲೆಯನ್ನು ನೋಡಿದೆ.

ನೆಲಕ್ಕೆ ಸರಾಯಿ ಕುಡಿಸುವುದು. ಕಡಲ ಬದಿಯ ಈ ಹಾರವಾಡದಲ್ಲಿ ನಮ್ಮ ಕೆಲಸಕ್ಕೆ ಅದೇ ಹೆಸರು. ತಪ್ಪೂ ಅಲ್ಲ.

ಇಲ್ಲಿ ಹಿಂದೆ ಯಂತ್ರದ ಬಿಡಿಭಾಗಗಳ ಕಾರ್ಖಾನೆಯೊಂದಿತ್ತು. ಕಬ್ಬಿಣದ ಮೇಲಿನ ಎಣ್ಣೆಜಿಡ್ಡು ತೆಗೆಯಲು ಒಂದು ದ್ರಾವಕ ಬಳಸುತ್ತಿದ್ದರು. ಅದು ಹದಿನೈದು ವರ್ಷ ಹನಿಹನಿಯಾಗಿ ಮರಳಿಗೆ ಸೋರಿತು. ನೀರಿಗಿಂತ ಭಾರ, ನೀರಿನಲ್ಲಿ ಕರಗುವುದೂ ಬಹಳ ಕಡಿಮೆ. ಕೆಳಗಿಳಿದು ಜೇಡಿಮಣ್ಣಿನ ಪದರದ ಮೇಲೆ ಕೂತುಬಿಟ್ಟಿತು. ಬರಿಯ ನೀರು ಹಾಯಿಸಿ ತೊಳೆಯುತ್ತ ಹೋದರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಮದ್ಯಸಾರ ಬೆರೆಸಿದ ನೀರು ಹಾಯಿಸಿದರೆ ಕರಗಿ ಹೊರಡುತ್ತದೆ. ಒಂದು ಸಾಲಿನ ಬೋರುಗಳಿಂದ ಒಳಗೆ ಬಿಡುವುದು, ಎದುರಿನ ಸಾಲಿನಿಂದ ಹೊರಗೆ ಎಳೆದು ಗುಂಡಿಗೆ ತುಂಬುವುದು.

ನಿಯಮ ಒಂದೇ. ಒಳಗೆ ಬಿಟ್ಟದ್ದಕ್ಕಿಂತ ಹೆಚ್ಚು ಹೊರಗೆ ಎಳೆಯಬೇಕು. ಎಳೆಯುವ ಪಂಪು ನಿಂತರೆ, ಕರಗಿದ ವಿಷ ಬೇಲಿ ದಾಟಿ ಊರಿನ ಬಾವಿಗಳ ಕಡೆ ಹೊರಡುತ್ತದೆ. ಅದನ್ನು ಕಾಯಲು ಬೇಲಿಯ ಬದಿಗೆ ಏಳನೇ ಬೋರು ಇದೆ. ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತಕ್ಕೆ, ಅದರ ನೀರಿನ ಮಟ್ಟ ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕು. ಪಂಪು ನಿಂತ ಗಂಟೆಯೊಳಗೆ ಅಲ್ಲಿ ನೀರು ಮೇಲೇರುತ್ತದೆ. ಪರವಾನಿಗೆಯ ಷರತ್ತಿನಂತೆ ರಸಾಯನಶಾಸ್ತ್ರ ಓದಿದವರ ಸಹಿ ಬೇಕು. ಸೈಟಿನಲ್ಲಿ ಓದಿದವಳು ನಾನೊಬ್ಬಳೇ.

ಬೀರು ಸತ್ತದ್ದು ಎಳೆದ ನೀರು ತುಂಬುವ ಆ ಗುಂಡಿಯಲ್ಲಿ. ಪಂಪಿನ ಬುಡಕ್ಕೆ ಮರಳು ಕಟ್ಟಿಕೊಂಡಾಗ ಯಾರಾದರೂ ಒಳಗಿಳಿದು ತೆಗೆಯಬೇಕು. ಪಂಪು ನಡೆಯುತ್ತಿದ್ದರೆ ಯಾರೂ ಇಳಿಯುವುದಿಲ್ಲ. ಒಳಗೆ ಕಟ್ಟಿನಿಂತ ಆವಿ ಗಾಳಿಗಿಂತ ಭಾರ, ಇಳಿದವನಿಗೆ ಎರಡು ನಿಮಿಷ ಸಾಕು. ಆದರೂ ಅದು ಅಪಘಾತವಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಗುಂಡಿಯ ಮುಚ್ಚಳ ಮುಚ್ಚಿತ್ತು, ಏಣಿ ಹೊರಗೆ ಗೋಡೆಗೆ ಒರಗಿತ್ತು. ಒಳಗೆ ಸತ್ತವನು ಏಣಿಯನ್ನು ಮೇಲೆ ತಂದಿಡಲಾರ. ಪಂಪು ನಿಂತ ಹೊತ್ತಿಗೆ ಸೈಟಿನಲ್ಲಿದ್ದ ಇನ್ನೊಬ್ಬರು ಯಾರೋ ಅದನ್ನು ಮೇಲೆಳೆದಿದ್ದರು.

ಹಾಗಾಗಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಪಂಪು ನಿಂತದ್ದು ಯಾವಾಗ?

ಶಿವಾನಂದನ ಪಾಳಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಶುರು. ತಾನು ಬರುವಾಗಲೇ ಪಂಪು ನಿಂತಿತ್ತು, ಫೋನ್ ಮಾಡಿದರೆ ಸಾಹೇಬರು ಕರೆಂಟಿಲ್ಲ ಸುಮ್ಮನಿರು ಎಂದರು ಎಂಬುದು ಅವನ ಮಾತು. ಸೈಟ್ ಎಂಜಿನಿಯರ್ ಸಂಕೇತ ಕುಲಕರ್ಣಿಯವರ ಪ್ರಕಾರ ಅಂಥ ಫೋನೇ ಬರಲಿಲ್ಲ, ತಾವು ಹನ್ನೆರಡಕ್ಕೆ ಹೊರಡುವಾಗ ಪಂಪು ನಡೆಯುತ್ತಿತ್ತು.

ಇಬ್ಬರ ನಡುವೆ ಸಾಕ್ಷಿಯಾಗಿ ನಿಂತದ್ದು ರಿಜಿಸ್ಟರಿನ ಒಂದು ಸಾಲು. ಭಾನುವಾರ, ಹತ್ತು ಗಂಟೆ, ಏಳನೇ ಬೋರು, ನೆಲದಿಂದ ಎರಡು ಮೀಟರು ಹತ್ತು ಸೆಂಟಿಮೀಟರು ಕೆಳಗೆ. ಅಂದರೆ ಪಂಪು ಚೆನ್ನಾಗಿ ನಡೆಯುತ್ತಿದೆ.

ಸಹಿ: ನೀತಾ ತಳೇಕರ.

“ಇಬ್ರೂ ಒಳಗೆ ಬನ್ನಿ,” ಎಂದು ವೈಜಯಂತಿಯವರು ಕರೆದರು.

ವೈಜಯಂತಿಯವರು ಕುಮಟೆಯ ಕಡೆಯವರು. ನಲವತ್ತರ ಆಸುಪಾಸು. ಪ್ರಶ್ನೆ ಕೇಳುವಾಗ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಇದು ಸೋಮವಾರವೇ ನನ್ನ ಗಮನಕ್ಕೆ ಬಂದಿತ್ತು. ಆಗಿನಿಂದ ನಾನು ಕೈಗಳನ್ನು ಚೀಲದ ಕೆಳಗೆ ಇಟ್ಟುಕೊಳ್ಳುತ್ತೇನೆ.

ಸಂಕೇತ ಸರ್ ಆಗಲೇ ಒಳಗೆ ಕೂತಿದ್ದರು. ನನ್ನನ್ನು ಕಂಡು ಎದ್ದು ತಮ್ಮ ಕುರ್ಚಿ ಕೊಟ್ಟರು.

“ಕೂಡ್ರಿ ನೀತಾ ಮೇಡಂ. ಮಾರಿ ಎಷ್ಟ್ ಬಾಡೇತಿ ನೋಡ್ರಿ. ನಾಷ್ಟಾ ಆತಿಲ್ಲೊ?”

ಅವರು ಹುಬ್ಬಳ್ಳಿಯವರು. ನನ್ನನ್ನು ಮೊದಲು ‘ಮೇಡಂ’ ಎಂದು ಕರೆದವರು ಅವರೇ. ಜುಲೈಯಲ್ಲಿ ಬೋರಿನ ಬಾಯಿ ತೆಗೆಯುವಾಗ ಆವಿ ತಲೆಗೇರಿ ನಾನು ಬಿದ್ದಿದ್ದೆ. ಜೀಪಿನಲ್ಲಿ ಕಾರವಾರದ ಆಸ್ಪತ್ರೆಗೆ ಒಯ್ದು, ಅಪ್ಪ ಕೈಗಾದ ಸ್ಥಾವರದ ಕೆಲಸ ಮುಗಿಸಿ ಬಸ್ಸಿನಿಂದ ಇಳಿದು ಬರುವತನಕ ಹೊರಗೆ ನಿಂತೇ ಇದ್ದರು. ಇದನ್ನೂ ಬರೆದಿಡಬೇಕು. ಬರೆಯದಿದ್ದರೆ ಅದೂ ಒಂದು ಬಗೆಯ ಖಾಲಿ ಪುಟ.

ವೈಜಯಂತಿಯವರು ಕೊಡದಿಂದ ಒಂದು ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿ ಮೇಜಿನ ನಡುವೆ ಇಟ್ಟರು. ಯಾರೂ ಮುಟ್ಟಲಿಲ್ಲ. ಕ್ಷಣದಲ್ಲಿ ವಾಸನೆ ಹರಡಿತು. ಸಿಹಿ ಸಿಹಿ, ಹಣ್ಣು ಕೊಳೆತಂತೆ.

“ಇದು ಇವತ್ತಿನದು,” ಎಂದರು. “ಹೊನ್ನಮ್ಮಾ, ವಾಸನೆ ಯಾವಾಗಿಂದ?”

“ಸೋಮವಾರ ಸಂಜಿಂದೆ ರಾ. ಆದ್ರೆ ನೀರ ಏರಿದ್ದು ಆಯ್ತಾರವೇ.”

“ಏರಿದ್ದು ಅಂದ್ರೆ?”

“ನಮ್ಮ ಬಾವಿ ಚಿರೆಕಲ್ಲಿಂದು. ಕಡಲ ಭರತಿ ಬಂದ್ರೆ ನೀರ ಏರ್ತದೆ, ಇಳತಕ್ಕೆ ಇಳೀತದೆ. ಅಮಾಸಿ ಭರತಿ ಅಂದ್ರೆ ಒಂದ ಕಲ್ಲ ಮುಳುಗ್ತದೆ. ನಾ ಈ ಮನೆಗೆ ಮದಿಯಾಗಿ ಬಂದಾಗಿಂದ ಅದೇ ಲೆಕ್ಕ. ಈ ಆಯ್ತಾರ ಅಮಾಸಿ ಅಲ್ದಾ, ಬೆಳಗ್ಗೆ ನೀರ ಸೇದೂಕೆ ಹೋದ್ರೆ ಎರಡ ಕಲ್ಲ ಮುಳುಗ್ಬಿಟ್ಟದೆ! ಹಗ್ಗ ಒಂದ ಮೊಳ ಕೈಯಾಗೇ ಉಳೀತು.”

“ಎಷ್ಟು ಗಂಟೆ?”

“ಗಂಟೆ ಯಾರ್ ನೋಡ್ತ್ರು? ಭರತಿ ಇನ್ನೂ ತುಂಬಿರ್ಲಿಲ್ಲ. ಮೀನಿನ ಬುಟ್ಟಿ ಹೊತ್ತ ನಾಗಿ ಬಂದಿರ್ಲಿಲ್ಲ. ಮತ್ತೆ ಒಡತೀ, ಮೋಟರಿನ ಸದ್ದೂ ಇರ್ಲಿಲ್ಲ.”

“ಯಾವ ಮೋಟರು?”

“ಇದೇ, ನಿಮ್ಮ ಗುಂಡಿದು. ದಿನಾ ಗುಂಯ್ ಅಂತಿರ್ತದೆ, ಕಿವಿ ಹೊಂದ್ಕಂಡದೆ. ಆಯ್ತಾರ ಬೆಳಗ್ಗೆ ಮಾತ್ರ ಇರೂದಿಲ್ಲ. ಇದೊಂದೇ ಆಯ್ತಾರ ಅಲ್ಲ, ನವರಾತ್ರಿ ಆದಮೇಲಿನ ಎಲ್ಲಾ ಆಯ್ತಾರ.”

ನನಗೆ ಅದು ಗೊತ್ತಿರಲಿಲ್ಲ. ನವರಾತ್ರಿಯ ನಂತರದ ಭಾನುವಾರಗಳು. ನಾನು ಮುಂಗಡ ಸಹಿ ಹಾಕಲು ಶುರು ಮಾಡಿದ್ದೂ ಆಗಲೇ.

ಸಂಕೇತ ಸರ್ ನಕ್ಕರು. ಕೆಟ್ಟ ನಗು ಅಲ್ಲ. “ತಾಯಿ ಅಲ್ರೀ ಮೇಡಂ. ಮಗನ್ನ ಉಳಿಸ್ಕೊಳ್ಳಾಕ ಬಾವಿನೂ ಏರಸ್ತಾಳ, ಮೋಟರ್ನೂ ಬಂದ್ ಮಾಡ್ತಾಳ. ನಾನು ಆಕಿ ಜಾಗಾದಾಗ ಇದ್ರ ಸಮುದ್ರನ ಏರಸ್ತಿದ್ದೆ.”

“ಸಮುದ್ರ ತಾನೇ ಏರ್ತದೆ ಸಾಹೇಬ್ರೆ,” ಎಂದಳು ಹೊನ್ನಮ್ಮ. “ನಿಮ್ಮೂರಾಗೆ ಇಲ್ದಿದ್ರೆ ನಮ್ಮ ತಪ್ಪಾ?”

ಹೊರಗೆ ನಿಂತಿದ್ದ ಕಾನ್‌ಸ್ಟೇಬಲ್ ಕೆಮ್ಮಿದ. ವೈಜಯಂತಿಯವರು ನಗಲಿಲ್ಲ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಭಾನುವಾರದ ಸಾಲುಗಳಿಗೆಲ್ಲ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಟ್ಟಿದ್ದರು. ಏಳು ಚುಕ್ಕೆ.

“ನವರಾತ್ರಿ ಆದಮೇಲಿನ ಏಳು ಭಾನುವಾರ,” ಎಂದರು. “ಏಳಕ್ಕೂ ಎರಡು ಮೀಟರು ಹತ್ತು. ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲ. ಉಳಿದ ದಿನ ನೋಡಿದ್ರೆ ಒಂದು ದಿನ ಎರಡು ಇಪ್ಪತ್ತು, ಒಂದು ದಿನ ಎರಡು ಐದು, ಮತ್ತೆ ಒಂದು ತೊಂಬತ್ತೆಂಟು. ನಮ್ಮನೆ ಬಾವಿ ಇಲ್ಲಿದ್ರೂ ಹಾಗೇ ಆಡ್ತಿತ್ತು. ಕಡಲ ಬದಿಯ ನೀರು ದಿನಾ ಆಡ್ತದೆ. ಭಾನುವಾರ ರಜೆ ಹಾಕ್ತದಾ?”

ನಾನು ಕೈಗಳನ್ನು ಚೀಲದ ಕೆಳಗೆ ಇನ್ನಷ್ಟು ಒಳಗೆ ಸರಿಸಿದೆ.

ಈ ಏಳು ಸಾಲುಗಳ ಸತ್ಯ ನನಗೆ ಗೊತ್ತು. ಭಾನುವಾರ ಕಾರವಾರದಿಂದ ನನಗೆ ಸರಿಯಾದ ಬಸ್ಸು ಸಿಗುತ್ತಿರಲಿಲ್ಲ, ಬಂದರೂ ಅರ್ಧ ಗಂಟೆಯ ಕೆಲಸ. ನವರಾತ್ರಿ ಮುಗಿದ ವಾರ ಸಂಕೇತ ಸರ್ ಹೇಳಿದ್ದರು: ಶನಿವಾರವೇ ಭಾನುವಾರದ ಸಾಲಿಗೆ ಸಹಿ ಹಾಕಿಬಿಡಿ ಮೇಡಂ, ಅಳತೆ ನಾನು ತುಂಬಿಕೊಳ್ಳುತ್ತೇನೆ, ನೀವು ಒಂದು ದಿನ ಮನೆಯಲ್ಲಿರಿ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡನೆಯ ವಾರ ಕೇಳದೆಯೇ ಹಾಕಿದೆ. ಮೂರನೆಯ ವಾರ ಅದು ಶನಿವಾರದ ಕೆಲಸಗಳಲ್ಲಿ ಒಂದಾಯಿತು: ಬಾಟಲಿ ತೊಳೆ, ಬೋರಿಗೆ ಬೀಗ ಹಾಕು, ಭಾನುವಾರಕ್ಕೆ ಸಹಿ ಹಾಕು.

ಅವರು ಬೋರಿನ ಹತ್ತಿರ ಹೋಗದೆ ಕುರ್ಚಿಯಲ್ಲೇ ಕೂತು ಎರಡು ಹತ್ತು ಎಂದು ತುಂಬುತ್ತಾರೆ ಎಂದು ನನಗೆ ನವೆಂಬರಿನಲ್ಲೇ ಅನಿಸಿತ್ತು. ಡೈರಿಯಲ್ಲಿ ಬರೆದೆ ಕೂಡ. ಯಾರಿಗೂ ಹೇಳಲಿಲ್ಲ.

“ಅದಕ್ಕ ಕಾರಣ ಐತ್ರಿ,” ಎಂದರು ಸಂಕೇತ ಸರ್. ದನಿ ಪಾಠ ಹೇಳುವವರಂತೆ ಸಾವಧಾನವಾಗಿತ್ತು. “ವಾರದ ದಿನ ಒಳಗ ಬಿಡೋ ಮದ್ಯಸಾರದ ಪ್ರಮಾಣ ನಾವು ಹೆಚ್ಚುಕಮ್ಮಿ ಮಾಡ್ತಿರ್ತೀವಿ. ಅದಕ್ಕ ಮಟ್ಟ ಆಡ್ತೈತಿ. ರವಿವಾರ ಪ್ರಮಾಣ ಒಂದs ಇಡ್ತೀವಿ. ಎಳಿಯೋ ಪಂಪ್ ಜೋರಿದ್ದಾಗ ಭರತಿ ಗಿರತಿ ಏನೂ ನಡ್ಯಂಗಿಲ್ಲ, ಮಟ್ಟ ಕಟ್ಟಿ ಹಾಕಿದಂಗ ನಿಲ್ತೈತಿ. ಬೇಕಾದ್ರ ಮೇಡಂ ಅವ್ರನ್ನ ಕೇಳ್ರಿ. ಎಂಎಸ್ಸಿ ಮಾಡ್ಯಾರ.”

“ಹೌದಾ ನೀತಾ?”

ಅದು ಸುಳ್ಳು. ಪಂಪು ಎಷ್ಟೇ ಜೋರಿದ್ದರೂ ಏಳನೇ ಬೋರು ಭರತಿಗೆ ಒಂದು ಗೇಣು ಏರುತ್ತದೆ. ನಾನು ನೂರಕ್ಕೂ ಹೆಚ್ಚು ಸಲ ಅಳೆದಿದ್ದೇನೆ.

ನಾನು ತಲೆಯಾಡಿಸಿದೆ. ಹೌದೆಂಬಂತೆ.

ಯಾಕೆ ಆಡಿಸಿದೆ ಎಂದು ಈಗ ಬರೆಯುವಾಗಲೂ ತಿಳಿಯುತ್ತಿಲ್ಲ. ಸುಳ್ಳು ಸಹಿ ಎಂದು ಗೊತ್ತಾದರೆ ಕೆಲಸ ಹೋಗುತ್ತದೆ, ಬಹುಶಃ ನನ್ನನ್ನೂ ಜೀಪು ಹತ್ತಿಸುತ್ತಾರೆ, ಅಪ್ಪನನ್ನು ಕೈಗಾದ ಬಸ್ಸಿನಲ್ಲಿ ನಾಲ್ಕು ಜನ ಕೇಳುತ್ತಾರೆ. ಇವೆಲ್ಲ ಕಾರಣಗಳೇ. ಆದರೆ ತಲೆ ಆಡುವಾಗ ಇವು ಯಾವುವೂ ನೆನಪಿರಲಿಲ್ಲ. ಎದುರಿಗಿದ್ದವರು ಕೇಳಿದರು, ಕುತ್ತಿಗೆ ಆಡಿತು. ಅಷ್ಟೇ.

ಹೊನ್ನಮ್ಮ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಕ್ಕೋರು ಹೇಳಿದ ಮೇಲೆ ಇರಬೇಕು ಎಂಬ ಅನುಮಾನ ಇತ್ತು, ತನ್ನ ಬಾವಿಯ ಮೇಲೇ. ಮೂವತ್ತು ವರ್ಷ ಎಣಿಸಿದ ಕಲ್ಲನ್ನು ಅವಳು ಮನಸ್ಸಿನಲ್ಲೇ ಮತ್ತೊಮ್ಮೆ ಎಣಿಸುತ್ತಿರುವಂತೆ ಕಂಡಿತು.

“ಎರಡೇ ಕಲ್ಲ...” ಎಂದು ತನ್ನಷ್ಟಕ್ಕೆ ಅಂದಳು.

ವೈಜಯಂತಿಯವರು ಗಡಿಯಾರ ನೋಡಿದರು. ಹನ್ನೊಂದು ಹತ್ತು.

“ಸರಿ,” ಎಂದು ರಿಜಿಸ್ಟರು ಮುಚ್ಚಿದರು. “ಹೊನ್ನಮ್ಮಾ, ನೀವು ಜಗಲಿಯಲ್ಲಿ ಕೂತಿರಿ. ಸಂಕೇತ, ನೀತಾ, ನನಗೊಂದು ಬರೆದ್ಕೊಳ್ಳೂದಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಳತೆ ಹೇಗೆ ತಗೊಂಡ್ರಿ, ಎಲ್ಲಿ ನಿಂತ್ರಿ, ಯಾರಿದ್ರು. ಕೋರ್ಟಿಗೆ ಬೇಕು. ಯಾರಾದ್ರೂ ಒಬ್ರು ಹೇಳಿದ್ರೂ ಸಾಕು.”

ಸುಲಭದ ದಾರಿ. ಯಾರಾದರೂ ಒಬ್ಬರು.

ಸಂಕೇತ ಸರ್ ನನ್ನ ಕಡೆ ಒಂದು ಸಲ ನೋಡಿದರು. ನೀವು ಸುಮ್ಮನಿರಿ, ನಾನು ನೋಡಿಕೊಳ್ಳುತ್ತೇನೆ ಎಂಬ ನೋಟ. ಜೀಪಿನಲ್ಲಿ ಆಸ್ಪತ್ರೆಗೆ ಒಯ್ದ ದಿನವೂ ಅದೇ ನೋಟವಿತ್ತು.

“ನಾನs ಹೇಳ್ತೀನ್ರಿ. ಪಾಪ, ಮೇಡಂಗ ಮಂದಿ ಮುಂದ ಮಾತಾಡಾಕ ಬರಂಗಿಲ್ಲ.” ಎದ್ದು ಬಾಗಿಲ ಬಳಿಯ ಗೋಡೆಗೆ ಹೋದರು.

ಅಲ್ಲಿ ಒಂದು ಮೊಳೆ. ಮೊಳೆಗೆ ಅಳತೆಯ ಟೇಪು ನೇತಾಡುತ್ತಿತ್ತು. ಮೂವತ್ತು ಮೀಟರಿನ ಸುರುಳಿ, ತುದಿಯಲ್ಲಿ ಕೊಂಡಿ, ಕೊಂಡಿಗೆ ಒಂದು ಉಕ್ಕಿನ ಗುಂಡು. ಗುಂಡಿನ ತಳ ಟೊಳ್ಳು. ಬೋರಿನೊಳಗೆ ಇಳಿಬಿಟ್ಟರೆ ನೀರು ಮುಟ್ಟಿದ ಕ್ಷಣ ‘ಪ್ಲಪ್’ ಎನ್ನುತ್ತದೆ, ಆಗ ಮೇಲಿನಿಂದ ಅಂಕಿ ಓದಬೇಕು. ಇಡೀ ಸೈಟಿಗೆ ಇರುವುದು ಅದೊಂದೇ ಟೇಪು. ಹಿಂದಿನದನ್ನು ನಾನು ಸೆಪ್ಟೆಂಬರಿನಲ್ಲಿ ಬೋರಿನೊಳಗೆ ಕಳೆದಿದ್ದೆ. ಒಂದು ಟೇಪು ಕಾಯಲಿಕ್ಕೂ ಬರುವುದಿಲ್ಲವೇ ಎಂದು ಸಂಕೇತ ಸರ್ ಅವತ್ತು ಮೊದಲ ಮತ್ತು ಕೊನೆಯ ಸಲ ನನ್ನ ಮೇಲೆ ರೇಗಿದ್ದರು.

ಶನಿವಾರ ಸಂಜೆ ಇದರ ಕೊಂಡಿ ಮುರಿದಿತ್ತು.

ಈಗ ಕೊಂಡಿಯ ಬುಡದಲ್ಲಿ ಕಡಲೆಕಾಳಿನಷ್ಟು ಹಿತ್ತಾಳೆ ಹೊಳೆಯುತ್ತಿತ್ತು. ಹೊಸ ಬೆಸುಗೆ. ಸೋಮವಾರದಿಂದ ಇಷ್ಟು ಜನ ಆ ಮೊಳೆಯ ಮುಂದೆ ಓಡಾಡಿದರೂ ಯಾರೂ ಅದನ್ನು ನೋಡಿರಲಿಲ್ಲ.

“ಹತ್ತಕ್ಕ ಐದು ನಿಮಿಷ ಕಡಿಮಿ ಇತ್ತು,” ಎಂದರು ಸಂಕೇತ ಸರ್. “ಮೇಡಂ ಇಲ್ಲೇ ಬೆಂಚಿನ ಮ್ಯಾಲೆ ಕುಂತಿದ್ರು. ನಾನು, ನಡೀರಿ ಅಳತಿ ಮುಗಿಸೋಣ ಅಂದೆ.”

ವೈಜಯಂತಿಯವರು ಬರೆದುಕೊಂಡರು. “ಮತ್ತೆ?”

“ಗೇಟಿನಾಗ ಬೀರು ಇದ್ದ.”

ಪೆನ್ನು ನಿಂತಿತು. “ಹತ್ತು ಗಂಟೆಗೆ ಬೀರು ಜೀವಂತ ಇದ್ದ?”

“ಇದ್ದ ಅಂದ್ರ? ಅವನs ಬಂದು ಟೇಪ್ ಮೊಳಿಯಿಂದ ತಗದು ಮೇಡಂ ಕೈಯಾಗ ಕೊಟ್ಟ. ಅಕ್ಕೋರೆ, ಜ್ವಾಕಿ, ಈ ಸಲ ಕಳೀಬ್ಯಾಡ್ರಿ ಅಂತ ಚ್ಯಾಷ್ಟಿನೂ ಮಾಡಿದ.” ಅವರ ಮುಖದಲ್ಲಿ ನಿಜವಾದ ವಿಷಾದ ಇತ್ತು, ಅಥವಾ ನನಗೆ ಹಾಗೆ ಕಂಡಿತು. “ಮೇಡಂ ಇಳಿಬಿಟ್ರು. ಪ್ಲಪ್ ಅಂತು, ನಾನs ಕಿವಿಯಾರೆ ಕೇಳೇನಿ. ಎರಡು ಹತ್ತು. ಅಲ್ಲೇ ಸಹಿ ಹಾಕಿದ್ರು. ನಾನು ಹನ್ನೆರಡಕ್ಕ ಹೊಂಟೆ. ಅದಾದ ಮ್ಯಾಲೆ ಸೈಟಿನಾಗ ಉಳಿದಾಂವ ಬೀರು, ಎರಡಕ್ಕ ಬಂದಾಂವ ಶಿವಾನಂದ. ಮುಂದಿಂದು ನಿಮಗ ಬಿಟ್ಟಿದ್ದು.”

ವಿವರ ಚೆನ್ನಾಗಿತ್ತು. ಬೀರುವಿನ ದನಿಯೂ ಸರಿಯಾಗಿತ್ತು. ಅವನು ಹಾಗೆಯೇ ಚೇಷ್ಟೆ ಮಾಡುತ್ತಿದ್ದ.

ಮಾಡಿದ್ದ ಕೂಡ. ಆದರೆ ಶನಿವಾರ ಸಂಜೆ, ಗೇಟಿನಲ್ಲಿ. ನಾನು ಐದೂವರೆಯ ಬಸ್ಸಿಗೆ ಓಡುತ್ತಿದ್ದೆ. ಹೆಗಲ ಚೀಲ ಒಂದು ಕಡೆ ಜಗ್ಗುತ್ತಿತ್ತು.

“ಅಕ್ಕೋರೆ, ಚೀಲದಾಗೆ ಎಂತಾ ಕಲ್ಲ ತುಂಬ್ಕಂಡ್ರಿ?” ಎಂದಿದ್ದ.

ಸುತ್ತ ನೋಡಿ, ಚೀಲದ ಬಾಯಿ ತೆರೆದು ತೋರಿಸಿದ್ದೆ. ಕೊಂಡಿ ಮುರಿದ ಸಂಗತಿ ಸಂಕೇತ ಸರ್‌ಗೆ ಹೇಳುವ ಧೈರ್ಯ ನನಗಿರಲಿಲ್ಲ. ಮರುದಿನ ಅಪ್ಪ ಅಮ್ಮನ ಜೊತೆ ಮಾಜಾಳಿಗೆ, ಅಮ್ಮನ ತಂಗಿ ಮಾವಶಿಯ ಮನೆಗೆ ಹೋಗುವುದಿತ್ತು. ಮಾವಶಿಯ ಗಂಡ ಸೋಮು ಬಾಪ್ಪಾನಿಗೆ ಬೋಟಿನ ಇಂಜಿನ್ ರಿಪೇರಿಯ ಅಂಗಡಿ. ಬೆಸುಗೆ ಹಾಕಿಸಿ ಸೋಮವಾರ ಎಲ್ಲರಿಗಿಂತ ಮೊದಲು ಬಂದು ಮೊಳೆಗೆ ತೂಗಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ನನ್ನ ಲೆಕ್ಕ.

“ಸಾಹೇಬ್ರಿಗೆ ಹೇಳೂದಿಲ್ಲ ಬಿಡಿ,” ಎಂದು ಬೀರು ನಕ್ಕಿದ್ದ. “ಜೋಕೆ, ಈ ಸಲ ಕಳೀಬೇಡಿ.”

ಅದು ನಾನು ಕೇಳಿದ ಅವನ ಕೊನೆಯ ಮಾತು.

ಈ ಮಾತು ಸಂಕೇತ ಸರ್‌ಗೆ ಹೇಗೆ ಗೊತ್ತಾಯಿತು? ಶನಿವಾರ ಗೇಟಿನ ಬಳಿ ನಾವಿಬ್ಬರೇ ಇದ್ದೆವು ಎಂದುಕೊಂಡಿದ್ದೆ. ಅವರು ಎಲ್ಲೋ ನಿಂತು ಕೇಳಿಸಿಕೊಂಡಿದ್ದರೆ, ಮಾತು ಮಾತ್ರ ಕಿವಿಗೆ ಬಿದ್ದಿದೆ. ಚೀಲದೊಳಗಿನದು ಕಣ್ಣಿಗೆ ಬಿದ್ದಿಲ್ಲ.

ವೈಜಯಂತಿಯವರು ಬರೆದದ್ದನ್ನು ಓದಿ ಹೇಳುತ್ತಿದ್ದರು. ಒಂದೊಂದು ವಾಕ್ಯಕ್ಕೂ ಸಂಕೇತ ಸರ್ ‘ಹೌದ್ರಿ’ ಎನ್ನುತ್ತಿದ್ದರು. ಬೀರು ಗೇಟಿನಲ್ಲಿದ್ದ. ಹೌದ್ರಿ. ಟೇಪು ಮೊಳೆಯಿಂದ ತೆಗೆದುಕೊಟ್ಟ. ಹೌದ್ರಿ. ನೀತಾ ಬೋರಿಗೆ ಇಳಿಬಿಟ್ಟರು. ಹೌದ್ರಿ.

“ನೀತಾ, ಇದಕ್ಕೆ ಕೆಳಗೆ ನೀವೂ ಒಂದು ಸಹಿ ಹಾಕಿ,” ಎಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಪೆನ್ನು ಅದರ ಮೇಲಿಟ್ಟರು.

ಇನ್ನೊಂದು ಸಹಿ. ಎಂಟನೆಯದು.

ಪೆನ್ನು ಹಿಡಿಯಲು ಕೈಗಳನ್ನು ಚೀಲದ ಕೆಳಗಿನಿಂದ ಹೊರಗೆ ತರಲೇಬೇಕಾಯಿತು. ವೈಜಯಂತಿಯವರು ಅವನ್ನೇ ನೋಡುತ್ತಿದ್ದರು. ಲೋಟದ ನೀರು ಹಾಗೇ ಇತ್ತು, ಸಿಹಿ ವಾಸನೆ ಬೀರುತ್ತ. ಜಗಲಿಯಲ್ಲಿ ಹೊನ್ನಮ್ಮ ಕಾನ್‌ಸ್ಟೇಬಲ್‌ನ ಹತ್ತಿರ ಕೇಳುತ್ತಿದ್ದಳು, ಕೋರ್ಟಿಗೆ ಬರುವಾಗ ಮಗನಿಗೆ ಬೇರೆ ಅಂಗಿ ತರಬಹುದೇ ಎಂದು. ನಿನ್ನೆಯಿಂದ ಅದೇ ಅಂಗಿಯಲ್ಲಿದ್ದಾನೆ, ಜನ ನೋಡ್ತಾರೆ ಎಂದು.

“ಹಾಕ್ರಿ ಮೇಡಂ,” ಎಂದರು ಸಂಕೇತ ಸರ್ ಮೆಲ್ಲಗೆ. “ಮುಗೀತಲ್ಲ.”

ನಾನು ಪೆನ್ನು ಕೆಳಗಿಟ್ಟೆ. ಎದ್ದೆ. ಬಾಗಿಲ ಬಳಿಗೆ ನಾಲ್ಕು ಹೆಜ್ಜೆ. ಮೊಳೆಯಿಂದ ಟೇಪನ್ನು ತೆಗೆದೆ. ಗುಂಡು ಅಂಗೈಗೆ ತಣ್ಣಗೆ ತಾಗಿತು. ಅದನ್ನು ತಂದು ಲೋಟದ ಪಕ್ಕ, ಬೆಸುಗೆ ಮೇಲೆ ಬರುವಂತೆ ಇಟ್ಟೆ.

ದನಿ ಬಂತು. ನನ್ನದೇ, ಆದರೆ ನಾನು ಎಂದೂ ಕೇಳದಷ್ಟು ಗಟ್ಟಿ. ಜಗಲಿಯಲ್ಲಿ ಹೊನ್ನಮ್ಮನ ಮಾತು ನಿಂತಿತು.

“ಭಾನುವಾರ ಈ ಟೇಪು ಇಲ್ಲಿ ಇರಲೇ ಇಲ್ಲ ಮೇಡಂ. ನನ್ನ ಚೀಲದಲ್ಲಿ, ಮಾಜಾಳಿಯಲ್ಲಿತ್ತು. ನಾನೂ ಅಲ್ಲೇ ಇದ್ದೆ. ಸಹಿ ನಾನು ಶನಿವಾರವೇ ಹಾಕಿಟ್ಟು ಹೋಗಿದ್ದೆ.”